ಒಲೆಯಿಲ್ಲದ ರೆಸಾರ್ಟ್

ಗಂಡ ಹೆಂಡತಿ ಇಬ್ಬರೇ ಬರಬೇಕು ಎಂದು ನಾವು ಫೋನಿನಲ್ಲಿ ಬಿಡಿಸಿ ಹೇಳುತ್ತಿದ್ದೆವು. ಬಸವನಗುಡಿಯಲ್ಲಿ ಗಂಡ ಹೆಂಡತಿ ಎಂದರೆ ಕಡಿಮೆಯೆಂದರೂ ಆರು ಜನ. ಗಂಡ, ಹೆಂಡತಿ, ಗಂಡನ ತಾಯಿ, ಇಬ್ಬರು ಮಕ್ಕಳು, ಜೊತೆಗೆ "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎನ್ನುವ ಒಬ್ಬ ಭಾವಮೈದುನ. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವನು ಅವನೇ, ಹೆಚ್ಚು ಸಮೋಸ ತಿನ್ನುವವನೂ ಅವನೇ. ಸಹಿ ಮಾತ್ರ ಎಲ್ಲೂ ಹಾಕುತ್ತಿರಲಿಲ್ಲ.

ನಾನು ಮಾಡಿದ್ದು ಟೈಮ್‌ಷೇರ್ ಮಾರಾಟದ ಕೆಲಸ. ಈಗ ಪ್ರವಾಸೋದ್ಯಮ ಓದಿಕೊಂಡು ಈ ಕಡೆ ಬರುವ ಮಕ್ಕಳಿಗೆ ಕಾಲೇಜಿನಲ್ಲಿ ಏನೇನೋ ಕಲಿಸುತ್ತಾರೆ. ಭಾವಮೈದುನನ ವಿಷಯ ಕಲಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟೈಮ್‌ಷೇರ್ ಎಂದರೆ, ಒಂದು ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಹೋಗಿ ಇರುವ ಹಕ್ಕು. ಅದನ್ನು ಇಪ್ಪತ್ತೈದು ವರ್ಷಕ್ಕೆ ಸೇರಿಸಿ ಒಟ್ಟಿಗೇ ಕೊಳ್ಳಬೇಕು. ಮನೆ ನಿಮ್ಮದಲ್ಲ, ವಾರ ನಿಮ್ಮದು. ತೊಂಬತ್ತರ ದಶಕದ ನಡುವಿನಲ್ಲಿ ಇದನ್ನು ಚಾಮರಾಜಪೇಟೆಯವರಿಗೂ ಮಲ್ಲೇಶ್ವರದವರಿಗೂ ವಿವರಿಸುವುದು ನನ್ನ ಉದ್ಯೋಗವಾಯಿತು. ಎಷ್ಟು ವಿವರಿಸಿದರೂ ಕೊನೆಗೆ ಬರುತ್ತಿದ್ದುದು ಒಂದೇ ಪ್ರಶ್ನೆ: "ಹಾಗಾದ್ರೆ ಮಿಕ್ಕ ವಾರ ಅಲ್ಲಿ ಯಾರಿರ್ತಾರೆ? ನಮ್ಮ ಮಂಚದ ಮೇಲೆ ಯಾರು ಯಾರೋ ಮಲ್ಕೋತಾರಾ?" ಮಲಗುತ್ತಾರೆ, ಹಾಸಿಗೆ ಬದಲಾಯಿಸುತ್ತಾರೆ ಎಂದರೆ, "ಹಾಸಿಗೆ ಸರಿ, ಮಂಚ?" ಎನ್ನುತ್ತಿದ್ದರು.

ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಏಳುವುದಕ್ಕೆ, ಸ್ನಾನಕ್ಕೆ, ಓದುವುದಕ್ಕೆ, ದೀಪ ಆರಿಸುವುದಕ್ಕೆ ಒಂದೊಂದು ಗಂಟೆ ಬಾರಿಸುತ್ತಿದ್ದರು. ಆಮೇಲೆ ಹಲವು ವರ್ಷ ಒಂದು ಖಾಸಗಿ ಕಂಪನಿಯ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತೆ. ಹಾಗಾಗಿ ಟೈಮ್‌ಷೇರ್ ಆಫೀಸಿಗೆ ಸೇರಿದ ಮೊದಲ ದಿನವೇ ಕುರ್ಚಿಗಳನ್ನು ಸಾಲಾಗಿ ಇಡಿಸಿದೆ, ಫ್ಯಾನುಗಳಿಗೆ ಎಣ್ಣೆ ಹಾಕಿಸಿದೆ, ಕಾಫಿ ಯಾವಾಗ ಬರಬೇಕು, ಯಾರ ಕೈಯಲ್ಲಿ ಬರಬೇಕು ಎಂದು ಗೊತ್ತು ಮಾಡಿದೆ. ನಮ್ಮ ಮ್ಯಾನೇಜರ್ ಖನ್ನಾ ಸಾಹೇಬರು ಇದನ್ನೆಲ್ಲ ನೋಡಿ, "ಮೇಡಂ, ಇದು ಆಫೀಸಾ, ಮಿಲಿಟರಿನಾ?" ಎಂದರು. ಎರಡೂ ಎಂದೆ.

ಖನ್ನಾ ಅವರದು ದೆಹಲಿ. ಒಳ್ಳೆಯ ಮನುಷ್ಯ. ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿಯಲೇಬೇಕೆಂದು ಹಟ ಹಿಡಿದು, ದಿನವೂ ತಮ್ಮನ್ನು ಕರೆತರುವ ಆಟೋ ಚಾಲಕರ ಹತ್ತಿರ ಕಲಿತಿದ್ದರು. ಟೈ ಕಟ್ಟಿದ, ಸೆಂಟು ಹಾಕಿದ, ಆರಡಿ ಎತ್ತರದ ಈ ಮನುಷ್ಯ ಬಾಗಿಲಲ್ಲಿ ನಿಂತು ಪೇಟ ಸುತ್ತಿದ ಹಿರಿಯರೊಬ್ಬರಿಗೆ ಕೈಮುಗಿದು, "ಬಾ ಗುರು, ಕೂತ್ಕೋ" ಎಂದರು. ಕ್ಷಮೆ ಕೇಳಲು ನಾನು ಮುಂದೆ ಓಡಿದೆ. ಹಿರಿಯರು ಒಳಗೆ ಬಂದು ಕುಳಿತು, ತಮ್ಮ ಹೆಂಡತಿಗೆ, "ನೋಡಿದ್ಯಾ? ಉತ್ತರದ ಕಡೆಯೋರಲ್ಲಿ ದೊಡ್ಡೋರು ಅಂದ್ರೆ ಎಷ್ಟು ಭಕ್ತಿ" ಎಂದರು. ಅವರು ಗೋವಾದಲ್ಲಿ ಒಂದು ವಾರ ಕೊಂಡರು. ಅಲ್ಲಿಂದ ಮುಂದೆ ಖನ್ನಾ ಅವರ ಕನ್ನಡ ತಿದ್ದುವ ಗೋಜಿಗೆ ನಾನು ಹೋಗಲಿಲ್ಲ.

ನಮ್ಮ ಕೆಲಸದ ವಿಧಾನ ಹೀಗಿತ್ತು. ಭಾನುವಾರ ಮಧ್ಯಾಹ್ನದ ನಂತರ ಕುಟುಂಬಗಳನ್ನು ಕರೆಯುವುದು. ಬಂದವರಿಗೆ ಉಡುಗೊರೆಯಾಗಿ ಬಿಸಿ ಆರದ ಡಬ್ಬಿಗಳ ಒಂದು ಸೆಟ್ಟು ಕೊಡುವುದು. ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸುವುದು. ಊಟಿಯ ಸ್ಲೈಡು ಒಮ್ಮೊಮ್ಮೆ ತಲೆಕೆಳಗಾಗಿ ಬಂದು ಕೆರೆ ಆಕಾಶಕ್ಕೆ ಏರುತ್ತಿತ್ತು. ಆಮೇಲೆ ಆಫೀಸಿನ ಒಳಗೇ ಕಟ್ಟಿದ್ದ ಮಾದರಿ ಫ್ಲ್ಯಾಟಿಗೆ ಕರೆದುಕೊಂಡು ಹೋಗುವುದು. ನಡುಮನೆ, ಮಲಗುವ ಕೋಣೆ, ಬಚ್ಚಲು, ಎಲ್ಲಕ್ಕಿಂತ ಕೊನೆಗೆ ಅಡುಗೆಮನೆ. ಅಡುಗೆಮನೆ ಕೊನೆಗೇ ಬರಬೇಕು ಎಂಬುದು ಮೇಲಿನವರ ಆದೇಶ. ಅದು ನಮ್ಮ ಬ್ರಹ್ಮಾಸ್ತ್ರ. ಗ್ಯಾಸ್ ಒಲೆ, ಕುಕ್ಕರ್, ಮಿಕ್ಸಿ, ಸ್ಟೀಲ್ ಡಬ್ಬಿಗಳು. "ಹೋಟೆಲ್ ಊಟದ ತಾಪತ್ರಯವೇ ಇಲ್ಲ. ನಿಮ್ಮ ಮನೆ ಅಡುಗೆ, ನಿಮ್ಮ ಮನೆ ರುಚಿ" ಎಂದು ನಾವು ಹೇಳುತ್ತಿದ್ದಂತೆಯೇ ಗಂಡಸರ ಮುಖ ಅರಳುತ್ತಿತ್ತು. ಅಲ್ಲೇ ಪೆನ್ನು ಕೊಡಬೇಕು. ಸಹಿ ಬಿದ್ದ ಕೂಡಲೆ ಗಂಟೆ ಬಾರಿಸಬೇಕು, ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಬೇಕು.

ಆ ಗಂಟೆಯನ್ನು ಖನ್ನಾ ಅವರ ಅಪ್ಪಣೆಯಂತೆ ನಮ್ಮ ಶೇಖರ ಮಾಮೂಲ್‌ಪೇಟೆಗೆ ಹೋಗಿ ತಂದಿದ್ದ. ಶೇಖರ ನನ್ನ ಸಹೋದ್ಯೋಗಿ, ಮಾತಿನ ಮಲ್ಲ. ತಂದದ್ದು ನೋಡಿದರೆ ದೇವಸ್ಥಾನದಲ್ಲಿ ತೂಗುಹಾಕುವ ಹಿತ್ತಾಳೆಯ ಗಂಟೆ. ಮೊದಲ ಸಲ ಅದನ್ನು ಬಾರಿಸಿದಾಗ ಹಾಲಿನಲ್ಲಿದ್ದ ಅಜ್ಜಿಯರೆಲ್ಲ ಎದ್ದು ನಿಂತು ಕಣ್ಣುಮುಚ್ಚಿ ಕೈಮುಗಿದರು. ಒಬ್ಬರು ಚಪ್ಪಲಿ ಬಿಟ್ಟು ಬಂದರು. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಖನ್ನಾ ಅವರೂ ಕೈಮುಗಿದರು. "ಮಂಗಳಾರತಿ ಎಲ್ಲಿ?" ಎಂದು ಯಾರೋ ಕೇಳಿದರು. ಶೇಖರ ಸಮೋಸದ ತಟ್ಟೆ ಹಿಡಿದು ಮುಂದೆ ಹೋದ.

ಇದಕ್ಕಿಂತ ದೊಡ್ಡ ಎಡವಟ್ಟು ಸಮಯದ್ದು. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಇದು ಬಸವನಗುಡಿಯಲ್ಲಿ ಎಲ್ಲರಿಗೂ ಗೊತ್ತು, ದೆಹಲಿಯಲ್ಲಿ ಗೊತ್ತಿಲ್ಲ. ಸಹಿ ಮಾಡಿಸುವ ಹೊತ್ತನ್ನು ಸರಿಯಾಗಿ ಐದಕ್ಕೆ ಇಟ್ಟಿದ್ದರು. ಜನ ಬಂದರು, ಸ್ಲೈಡು ನೋಡಿದರು, ನಕ್ಕರು, ತಲೆದೂಗಿದರು. ಪೆನ್ನು ಕೊಟ್ಟರೆ ಎಲ್ಲರೂ ಒಟ್ಟಾಗಿ ಸೂರು ನೋಡಿದರು. ಹೀಗೇ ಎಷ್ಟೋ ಭಾನುವಾರ ಕಳೆದವು. ಖನ್ನಾ ಸೊರಗಿಹೋದರು. ಆಗ ನಾನು ಅವರಿಗೆ ವಿಷಯ ಹೇಳಿ, ಕಾಫಿಯನ್ನು ಐದಕ್ಕೂ, ಪಕೋಡವನ್ನು ಐದೂವರೆಗೂ, ಮಕ್ಕಳಿಂದ ಒಂದು ಹಾಡನ್ನು ಅದರ ನಂತರಕ್ಕೂ ಹೊಂದಿಸಿದೆ. ಆರು ಹೊಡೆದ ಮೇಲೆ ಪೆನ್ನು. ಆ ಸಂಜೆ ಗಂಟೆ ಬಾರಿಸಿ ಬಾರಿಸಿ ಶೇಖರನಿಗೆ ಕೈ ನೋವು ಬಂತು. ಖನ್ನಾ ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳು ಮೇಡಂ, ಪಕೋಡದಲ್ಲಿ ಏನ್ ಹಾಕ್ದೆ?" ಎಂದರು.

ಮುಂದೆ ಕಂಪ್ಯೂಟರ್ ಬಂತು, ಸ್ಲೈಡು ಹೋಯಿತು. ಒಂದೇ ಊರು, ಒಂದೇ ವಾರ ಎಂಬ ಕಟ್ಟು ಸಡಿಲವಾಗಿ, ಯಾವ ಊರಿನಲ್ಲಾದರೂ ಯಾವಾಗ ಬೇಕಾದರೂ ಖರ್ಚು ಮಾಡಬಹುದಾದ ಪಾಯಿಂಟುಗಳು ಬಂದವು. ಗಿರಾಕಿಗಳು ಮನೆಯಿಂದಲೇ ಎಲ್ಲ ಓದಿಕೊಂಡು ಬಂದು ನಮಗೇ ಪಾಠ ಹೇಳತೊಡಗಿದರು. ಆದರೆ ನಾನು ಹೇಳಬೇಕೆಂದಿರುವ ಕಥೆ ಸ್ಲೈಡಿನ ಕಾಲದ್ದು. ಆಗ ಊರು ಆರಿಸಿದರೆ ಆರಿಸಿದಂತೆ. ಇಪ್ಪತ್ತೈದು ವರ್ಷ ಅದೇ ಊರು.

ಒಂದು ಭಾನುವಾರ ಚಾಮರಾಜಪೇಟೆಯಿಂದ ಮೂವರು ಬಂದರು. ಮೂವರೇ ಬಂದಿದ್ದು ನೋಡಿ ನಮಗೆ ಆಶ್ಚರ್ಯ. ಶ್ರೀಕಂಠಯ್ಯನವರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದು ಆಗತಾನೇ ನಿವೃತ್ತರಾಗಿದ್ದರು. ಜೊತೆಗೆ ಹೆಂಡತಿ ಸರೋಜಮ್ಮ, ತಾಯಿ ತುಂಗಮ್ಮ. ಮಗಳ ಮದುವೆ ಮುಗಿದಿತ್ತು, ಇನ್ನು ಊರು ನೋಡಬೇಕು ಎಂದು ಮೇಷ್ಟ್ರ ಆಸೆ. ಜೀವಮಾನವಿಡೀ ಭೂಪಟದ ಮೇಲೆ ಕೋಲು ಇಟ್ಟು ಬೆಟ್ಟಗಳನ್ನು ತೋರಿಸಿದವರು. ಹತ್ತಿ ನೋಡಿದ್ದು ತೀರಾ ಕಡಿಮೆ. ರೆಸಾರ್ಟುಗಳನ್ನು ಅವರು ಅಳೆಯುತ್ತಿದ್ದುದು ಸಮುದ್ರಮಟ್ಟದಿಂದ.

"ಗೋವಾ?" ಎಂದೆ.

"ಸೊನ್ನೆ" ಎಂದರು.

"ಯೇರ್ಕಾಡು?"

"ಸೇಲಂ ಮೇಲಿರೋದು ತಾನೆ? ಎತ್ತರ ಸಾಲ್ದು. ಊಟಿ ತೋರ್ಸಿ."

ಊಟಿ ತೋರಿಸಿದೆ. ಊಟಿಯದು ದೊಡ್ಡ ಫ್ಲ್ಯಾಟು, ಪೂರ್ತಿ ಅಡುಗೆಮನೆ. ಯೇರ್ಕಾಡಿನದು ಬರಿಯ ಕೋಣೆಗಳು. ಊಟಕ್ಕೆ ಎಲ್ಲರೂ ಹಾಲಿಗೆ ಹೋಗಬೇಕು. ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಶೇಖರ ಅದಕ್ಕೆ ಒಲೆಯಿಲ್ಲದ ಮನೆ ಎಂದು ಹೆಸರಿಟ್ಟಿದ್ದ.

ಮಾದರಿ ಫ್ಲ್ಯಾಟಿನ ಅಡುಗೆಮನೆಗೆ ತುಂಗಮ್ಮನವರು ಮೊದಲು ನುಗ್ಗಿದರು. ಎಪ್ಪತ್ತೈದು ದಾಟಿದ್ದರೂ ಗಟ್ಟಿಮುಟ್ಟು. ಕುಕ್ಕರಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಮಿಕ್ಸಿಯ ಬೆನ್ನು ತಟ್ಟಿದರು. ಕೊಳಾಯಿ ತಿರುಗಿಸಿದರು, ಮಾದರಿ ಕೊಳಾಯಿಯಾದ್ದರಿಂದ ನೀರು ಬರಲಿಲ್ಲ.

"ಇಲ್ಲೂ ನೀರಿಲ್ವೇ? ನಮ್ಮ ಬೀದಿ ಥರಾನೇ ಆಯ್ತಲ್ಲ!"

"ಇದು ತೋರ್ಸೋಕೆ ಅಮ್ಮಾ. ಊಟೀಲಿ ಬರುತ್ತೆ."

"ಸರಿ. ಶ್ರೀಕಂಠ, ನಂಗೆ ಒಪ್ಪಿಗೆ ಕಣೋ. ಹೊರಗಿಂದು ನಾನು ಮುಟ್ಟೋಲ್ಲ ಅಂತ ಇಷ್ಟು ದಿನ ನಿನ್ನ ಕಟ್ಹಾಕಿದ್ದೆ. ಇಲ್ಲಿ ಸರೋಜ ಮಾಡ್ಹಾಕ್ತಾಳೆ. ಒಂದು ದಿನ ಬಿಸಿಬೇಳೆ, ಒಂದು ದಿನ ಮಜ್ಜಿಗೆಹುಳಿ. ಚಳಿ ಅಲ್ವೇ, ಅಂಬೊಡೆ ಕರಿದ್ರೆ ಚೆನ್ನಾಗಿರುತ್ತೆ."

"ಗಾಳೀಲಿ ತೇವ ಜಾಸ್ತಿ ಇರುತ್ತಮ್ಮ, ಅಂಬೊಡೆ ಗರಿಗರಿ ಇರಲ್ಲ" ಎಂದು ಮೇಷ್ಟ್ರು ಶಾಸ್ತ್ರ ಹೇಳಿದರು.

"ಕರಿದ ಕೂಡ್ಲೆ ತಿನ್ನೋ. ಅವಳು ಒಂದೊಂದೇ ಹಾಕಿಕೊಡ್ತಾಳೆ."

ಇಷ್ಟು ಹೊತ್ತೂ ಸರೋಜಮ್ಮ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಐವತ್ತರ ಆಸುಪಾಸು, ದುಂಡು ಮುಖ, ನಗುವ ಕಣ್ಣು. ಈಗ ಆ ಕಣ್ಣು ನಗುತ್ತಿರಲಿಲ್ಲ. ನನ್ನ ಸೆರಗನ್ನು ಮೆಲ್ಲಗೆ ಎಳೆದು, ಮಾದರಿ ಬಚ್ಚಲಿನೊಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಮೇಡಂ, ಒಲೆ ಇಲ್ದಿರೋ ಜಾಗ ಇದ್ಯಾ ನಿಮ್ಮತ್ರ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾಕಮ್ಮಾ ಎಂದೆ.

"ಮದುವೆ ಆದ ವರ್ಷ ಮೈಸೂರಿಗೆ ಹೋದ್ವಿ. ಹೊಸ ಜೋಡಿ ಅಂತ. ಅತ್ತೆ, ಮಾವ, ಪಂಪ್ ಸ್ಟವ್ವು, ನಾವಿಬ್ರು. ಬೃಂದಾವನದಲ್ಲಿ ದೀಪ ಹಾಕೋ ಹೊತ್ಗೆ ನಾನು ಛತ್ರದಲ್ಲಿ ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ತಿರುಪತಿಗೆ ಹೋದ್ವಿ, ಸ್ಟವ್ವು. ರಾಮೇಶ್ವರಕ್ಕೆ ಹೋದ್ವಿ, ಸ್ಟವ್ವು ಜೊತೆಗೆ ಇಡ್ಲಿ ಪಾತ್ರೆ. ಸಮುದ್ರ ನಂಗೆ ಗೊತ್ತಿರೋದು ಕಿಟಕಿಯಿಂದ, ಹೊಗೆ ಮಧ್ಯೆ. ನಂಗೆ ಊಟಿ ಬೇಕು ಅಂತಿಲ್ಲ ಮೇಡಂ, ಗೋವಾ ಬೇಕು ಅಂತಿಲ್ಲ. ವರ್ಷಕ್ಕೊಂದು ವಾರ ಒಲೆ ಹಚ್ಬಾರ್ದು. ಅಷ್ಟೇ. ಈಗ ಇವರು ಸೈನ್ ಹಾಕಿದ್ರೆ ಇಪ್ಪತ್ತೈದು ವರ್ಷ ಊಟೀಲೂ ಅಂಬೊಡೆ ಕರೀಬೇಕು ನಾನು!"

ಅಷ್ಟು ಹೇಳಿ ಆಕೆ ನಕ್ಕುಬಿಟ್ಟರು. ನನಗೂ ನಗು ಬಂತು. ನಗುತ್ತಲೇ ನನ್ನ ತಲೆಯಲ್ಲಿ ನಮ್ಮ ಬ್ರಹ್ಮಾಸ್ತ್ರ ಹಿಂದುಮುಂದಾಯಿತು. ಆವರೆಗೆ ಆ ಅಡುಗೆಮನೆಯಲ್ಲಿ ನೂರಾರು ಗಂಡಸರ ಮುಖ ಅರಳಿದ್ದು ನೋಡಿದ್ದೆ. ಹೆಂಗಸರ ಮುಖ ನೋಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೆಟ್ಟವೋ ಸಮುದ್ರವೋ ಎಂದು ಕೇಳುವ ಮುಂಚೆ, ಅಲ್ಲಿಗೆ ಹೋದ ಮೇಲೆ ಯಾರು ಏನು ಕೆಲಸ ಮಾಡಬೇಕಾಗುತ್ತದೆ ಎಂದು ಕೇಳಿ.

"ಮನೆಯಲ್ಲಿ ಹೇಳ್ಬಾರ್ದಾ?" ಎಂದೆ.

"ಏನಂತ ಹೇಳ್ಲಿ? ಅತ್ತೆ ಕೆಟ್ಟೋರಲ್ಲ. ಹೊರಗಡೆ ತಿನ್ನೋದಿಲ್ಲ. ನಾನು ಮಾಡ್ದೇ ಇದ್ರೆ ಉಪವಾಸ ಇರ್ತಾರೆ. ಅವರನ್ನ ಉಪವಾಸ ಕೂರಿಸಿ ನಾನು ಮಸಾಲೆ ದೋಸೆ ತಿನ್ಲಾ?"

ಹೊರಗೆ ಬಂದಾಗ ಮೇಷ್ಟ್ರ ಕೈಯಲ್ಲಿ ಆಗಲೇ ಪೆನ್ನು. ಆರು ಹೊಡೆಯುವವರೆಗೂ ತಡೆಯಲಾರದೆ ಖನ್ನಾ ಮೇಷ್ಟ್ರ ಪಕ್ಕದಲ್ಲಿ ನಿಂತು, "ಹಾಕು ಗುರು, ಹಾಕು" ಎನ್ನುತ್ತಿದ್ದರು. ಶೇಖರ ಗಂಟೆಯ ಹಗ್ಗ ಹಿಡಿದಿದ್ದ.

ನಾನು ತುಂಗಮ್ಮನವರ ಕಡೆ ತಿರುಗಿ, "ಅಮ್ಮಾ, ಇನ್ನೂ ರಾಹುಕಾಲ ಮುಗಿದಿಲ್ಲ" ಎಂದೆ.

"ಅಯ್ಯೋ! ಇಡೋ ಪೆನ್ನು ಕೆಳಗೆ!"

ಮೇಷ್ಟ್ರು ಪೆನ್ನನ್ನು ಬಿಸಿ ಸೌಟಿನ ಹಾಗೆ ಕೆಳಗೆ ಹಾಕಿದರು. ಖನ್ನಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಉಳಿದ ಹೊತ್ತಿನಲ್ಲಿ ನಾನು ನೆಟ್ಟಗೆ ವಿಷಯಕ್ಕೆ ಬಂದೆ. ಇಷ್ಟು ವರ್ಷದ ಒಪ್ಪಂದ ನೋಡದೆ ಮಾಡಬೇಡಿ, ಅನುಮಾನವಿದ್ದವರಿಗೆ ಕಂಪನಿಯೇ ವ್ಯಾನು ಮಾಡಿ ಎರಡು ರಾತ್ರಿ ಕರೆದುಕೊಂಡು ಹೋಗಿ ತೋರಿಸುತ್ತದೆ, ಖರ್ಚು ನಮ್ಮದು ಎಂದೆ. ಮೇಷ್ಟ್ರಿಗೆ ಅನುಮಾನವೇನೂ ಇರಲಿಲ್ಲ. ಆದರೆ ವ್ಯಾನು ಎಂದ ಕೂಡಲೆ ಕಣ್ಣು ಮಿಂಚಿತು.

"ಊಟಿಗೆ ತಾನೆ?"

"ಊಟಿ ವ್ಯಾನು ಭರ್ತಿ. ಯೇರ್ಕಾಡಿಗೆ ಸೀಟಿದೆ. ನಮ್ಮ ವ್ಯವಸ್ಥೆ ಹೇಗಿರುತ್ತೆ ಅಂತ ನೋಡೋಕೆ ಎಲ್ಲಾದ್ರೇನು?"

ಇದು ನಿಜ. ಊಟಿಗೆ ಮುಂದಿನ ವಾರ ಇನ್ನೊಂದು ವ್ಯಾನು ಹೊರಡುತ್ತದೆ ಎಂಬುದೂ ನಿಜ; ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

"ಎರಡು ದಿನ ತಾನೆ? ನಂಗೆ ಅವಲಕ್ಕಿ, ಬಾಳೆಹಣ್ಣು ಸಾಕು" ಎಂದು ತುಂಗಮ್ಮ ತೀರ್ಪು ಕೊಟ್ಟರು.

ಅವರು ಹೋದ ಮೇಲೆ ಖನ್ನಾ ನನ್ನನ್ನು ಒಳಗೆ ಕರೆದರು. ಕೈಗೆ ಬಂದ ಗಿರಾಕಿಯನ್ನು ಸಹಿ ಇಲ್ಲದೆ ಬಾಗಿಲು ದಾಟಿಸುವುದು ನಮ್ಮ ವೃತ್ತಿಯಲ್ಲಿ ಮಹಾಪಾಪ. "ಮೇಡಂ, ಹೋದ ಗಿರಾಕಿ ಬರಲ್ಲ. ನೀನೇ ವ್ಯಾನಲ್ಲಿ ಹೋಗು. ಸೈನ್ ಇಲ್ದೆ ವಾಪಸ್ ಬರ್ಬೇಡ" ಎಂದರು. ಅವರ ಕನ್ನಡದಲ್ಲಿ ಸಿಟ್ಟು ಎಷ್ಟು, ವ್ಯಾಕರಣ ಎಷ್ಟು ಎಂದು ಹೇಳುವುದು ಕಷ್ಟ.

ಹೊರಡುವ ಬೆಳಿಗ್ಗೆ ಚಾಮರಾಜಪೇಟೆಯ ಅವರ ಮನೆಯ ಮುಂದೆ ವ್ಯಾನು ನಿಂತಾಗ ಸಾಮಾನು ಹೊರಗೆ ಬಂತು. ಬಟ್ಟೆಯ ಪೆಟ್ಟಿಗೆ, ಅವಲಕ್ಕಿ ಡಬ್ಬಿ, ಬಾಳೆಗೊನೆಯ ಚಿಪ್ಪು, ಭೂಪಟ, ಕೊನೆಗೆ ಗೋಣಿಚೀಲದಲ್ಲಿ ಸುತ್ತಿದ ಏನೋ ಒಂದು. ಮೂಸಿದರೆ ಸೀಮೆಎಣ್ಣೆ. ಸರೋಜಮ್ಮ ನನ್ನ ಮುಖ ನೋಡಿದರು.

"ರೆಸಾರ್ಟಿನ ಕೋಣೇಲಿ ಸ್ಟವ್ ಹಚ್ಚೋ ಹಾಗಿಲ್ಲ ಅಮ್ಮಾ. ನಿಯಮ ಇದೆ" ಎಂದೆ. ನಿಯಮ ಎಂಬ ಮಾತನ್ನು ನಾನು ಹೇಳಿದರೆ ಯಾರೂ ಎದುರಾಡುವುದಿಲ್ಲ. ಸ್ಟವ್ ಮನೆಯಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಮೇಷ್ಟ್ರು ನಮಗೆ ಪಾಠ ಮಾಡಿದರು. ಸೇಲಂ ದಾಟಿ ಘಾಟಿ ಹತ್ತುವಾಗ ಒಂದೊಂದು ತಿರುವಿಗೂ "ನೋಡಿ, ಮೇಲೆ ಬಂದ್ವಿ, ಇನ್ನೂ ಮೇಲೆ ಬಂದ್ವಿ" ಎಂದು ಕೂಗಿದರು. ತುಂಗಮ್ಮ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, "ಎಷ್ಟು ಮೇಲೆ ಬಂದ್ವಿ ಅಂತ ನನ್ನ ಹೊಟ್ಟೆ ಹೇಳ್ತಿದೆ, ನೀನು ಬಾಯ್ಮುಚ್ಚು" ಎಂದರು.

ಮೊದಲ ರಾತ್ರಿ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಗುವ ಹಾಗೆ ಕಂಡಿತು. ನಾವೆಲ್ಲ ಹಾಲಿನಲ್ಲಿ ಊಟಕ್ಕೆ ಕುಳಿತರೆ ತುಂಗಮ್ಮ ಕೋಣೆಯಲ್ಲಿ ಅವಲಕ್ಕಿ ನೆನೆಸಿಕೊಂಡು ಕುಳಿತರು. ಸರೋಜಮ್ಮ ಎರಡು ತುತ್ತು ತಿಂದು ಎದ್ದು ಹೋದರು. ಮೇಷ್ಟ್ರು ನನಗೆ, "ಮೇಡಂ, ಇದು ಆಗೋ ಮಾತಲ್ಲ. ಊಟೀನೇ ಸರಿ. ನಾಳಿದ್ದು ಬೆಂಗಳೂರಿಗೆ ಹೋದ ತಕ್ಷಣ ಸೈನ್ ಹಾಕ್ತೀನಿ" ಎಂದರು. ಖನ್ನಾ ಕೇಳಿದ್ದರೆ ಕುಣಿದಾಡುತ್ತಿದ್ದರು. ನಾನು ತಟ್ಟೆ ತೊಳೆಯಲು ಕೊಟ್ಟು ಮಲಗಿದೆ.

ಬೆಳಿಗ್ಗೆ ತುಂಗಮ್ಮ ಬಿಸಿನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದರು. ಅಲ್ಲಿ ಸಸ್ಯಾಹಾರದ ಅಡುಗೆಮನೆಯೇ ಬೇರೆ. ಮುರುಗೇಶನೆಂಬ ಅಡುಗೆಯವನು ಒಬ್ಬನೇ ಇದ್ದ. ಅವನ ಜೊತೆಗಾರ ಊರಿಗೆ ಹೋಗಿದ್ದ. ಅಂದು ಸೇಲಂನಿಂದ ಒಂದು ಬಸ್ಸಿನ ತುಂಬ ಜನ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಅವನು ಒಂದು ಒಲೆಯಿಂದ ಇನ್ನೊಂದಕ್ಕೆ ಓಡುತ್ತಿದ್ದ. ತುಂಗಮ್ಮ ಬಾಗಿಲಲ್ಲಿ ನಿಂತು ನೋಡಿದರು. ಉದ್ದದ ಕಟ್ಟೆ, ಆಳೆತ್ತರದ ಸ್ಟೀಲ್ ಪಾತ್ರೆಗಳು, ನೆಲಕ್ಕೆ ಹತ್ತಿರವಾಗಿ ಭೋರ್ ಎಂದು ಉರಿಯುವ ಮೂರು ದೊಡ್ಡ ಒಲೆ.

"ಏನಪ್ಪಾ, ಬೇಳೆ ತಳ ಹತ್ತುತ್ತಿದೆ!"

ಮುರುಗೇಶನಿಗೆ ಕನ್ನಡ ಬಾರದು. ಚಾಮರಾಜಪೇಟೆಯವರಿಗೆ ಬೇಕಾದಷ್ಟು ತಮಿಳು ಬರುತ್ತದೆ. "ತಣ್ಣಿ ಊತಪ್ಪಾ! ಸೀಕ್ರಂ! ನೀರು ಹಾಕು, ಬೇಗ! ತಳ್ಳು, ತಳ್ಳು ಪಕ್ಕಕ್ಕೆ" ಎಂದು ಎರಡೂ ಭಾಷೆಯಲ್ಲಿ ಕೂಗುತ್ತ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಳಗೆ ಇಳಿದರು. ಇದನ್ನು ನಾನು ತಿಂಡಿಯ ಹಾಲಿನ ಕಿಟಕಿಯಿಂದ ನೋಡುತ್ತಿದ್ದೆ. ರೆಸಾರ್ಟಿನ ಮ್ಯಾನೇಜರ್ ಓಡಿ ಬಂದ. ನಾನು ಅವನನ್ನು ಬಾಗಿಲಲ್ಲೇ ತಡೆದೆ.

ಸುದ್ದಿ ತಿಳಿದ ಸರೋಜಮ್ಮ ಗಾಬರಿಯಿಂದ ಬಂದರು. "ಅತ್ತೆ, ನೀವ್ಯಾಕೆ? ಬಿಡಿ, ನಾನು ಮಾಡ್ತೀನಿ" ಎಂದು ಸೆರಗು ಸಿಕ್ಕಿಸಹೋದರು.

"ಏಯ್, ನೀನು ಹೊರಗಿರೇ!" ತುಂಗಮ್ಮ ಸೌಟು ಅಡ್ಡ ಹಿಡಿದರು. "ನೀನು ಮನೆಗೆ ಬಂದಾಗಿಂದ ಒಂದು ದಿನ ಒಲೆ ಹತ್ರ ಬಿಟ್ಟಿದೀಯಾ ನನ್ನ? 'ನೀವು ಕೂತ್ಕೊಳ್ಳಿ ಅತ್ತೆ, ನೀವು ಕೂತ್ಕೊಳ್ಳಿ ಅತ್ತೆ.' ಕೂತು ಕೂತು ನನ್ನ ಸೊಂಟ ಹಿಡ್ಕೊಂಡಿದೆ. ನೀನು ಮಾಡೋ ಹುಳಿಗೆ ಇಂಗು ಸಾಲ್ದು ಅಂತ ಹೇಳೋಕೆ ಮೂವತ್ತು ವರ್ಷದಿಂದ ಬಾಯಿ ಬಂದಿಲ್ಲ ನಂಗೆ. ಇವತ್ತು ತೋರಿಸ್ತೀನಿ ನೋಡು!"

"ಇಂಗು ಸಾಲ್ದಾ?" ಎಂದರು ಸರೋಜಮ್ಮ. ಸೊಸೆಯ ಮುಖದಲ್ಲಿ ಅವಮಾನ ಕಾಣುವುದೋ ಎಂದು ನೋಡಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಮೇಡಂ, ಕೇಳಿದ್ರಾ? ಇಂಗು ಸಾಲ್ದಂತೆ! ಮೂವತ್ತು ವರ್ಷದಿಂದ!"

"ನಗಬೇಡ. ಹೋಗು ಹೊರಗೆ. ಮುರುಗೇಶಾ, ಪೆರುಂಗಾಯಂ, ಇಂಗು, ಎಲ್ಲಪ್ಪಾ?"

ಮಧ್ಯಾಹ್ನದ ಹೊತ್ತಿಗೆ ಸೇಲಂನ ಬಸ್ಸು ಬಂತು. ಹುಳಿಯ ವಾಸನೆ ಗೇಟಿನವರೆಗೆ ಹೋಗಿತ್ತು. ಬಂದವರು ಎರಡನೇ ಸಲ, ಮೂರನೇ ಸಲ ಬಡಿಸಿಕೊಂಡರು. ಒಬ್ಬರು ಅಡುಗೆಮನೆಗೆ ಬಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಹೋದರು. ಮುರುಗೇಶ ಅವರನ್ನು "ಅಮ್ಮಾ ಅಮ್ಮಾ" ಎಂದು ಕರೆಯುತ್ತ ತೆಂಗಿನಕಾಯಿ ತುರಿಯುತ್ತಿದ್ದ. ತಾವೇ ಮಾಡಿದ್ದಾದ್ದರಿಂದ ತುಂಗಮ್ಮ ಊಟ ಮಾಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಬೆವರು ಒರೆಸಿಕೊಂಡು ಬಂದು ಮಗನ ಮುಂದೆ ಕುಳಿತರು. ಮುಖ ಹತ್ತು ವರ್ಷ ಚಿಕ್ಕದಾಗಿತ್ತು.

"ಶ್ರೀಕಂಠ, ಇದೇ ಇರ್ಲಿ ಕಣೋ."

"ಊಟಿ ಅಮ್ಮಾ? ಊಟೀಲಿ ನಮ್ದೇ ಅಡುಗೆಮನೆ..."

"ಅದು ಆಟದ ಒಲೆ. ಎರಡು ಬರ್ನರ್ರು, ಬೆರಳುದ್ದ ಉರಿ. ಅದರಲ್ಲಿ ಸರೋಜ ಮಾಡ್ಬೇಕು, ನಾನು ಕೂತಿರ್ಬೇಕು. ಇಲ್ಲಿ ಒಲೆ ನೋಡಿದ್ಯಾ? ಭೋರ್ ಅನ್ನುತ್ತೆ! ಮುಂದಿನ ವರ್ಷ ಬಂದಾಗ ಹೋಳಿಗೆ ಮಾಡೋಣ ಅಂದಿದೀನಿ ಆ ಹುಡುಗನಿಗೆ."

ಮೇಷ್ಟ್ರು ಕಿಟಕಿಯಾಚೆ ಬೆಟ್ಟ ನೋಡಿದರು, ಎತ್ತರ ಲೆಕ್ಕ ಹಾಕಿದರು, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು. ಆಮೇಲೆ ಬಹಳ ಯೋಚಿಸಿದವರಂತೆ, "ನಂಗೂ ಹಾಗೇ ಅನ್ನಿಸ್ತಿತ್ತು. ಊಟೀಲಿ ಎತ್ತರ ಜಾಸ್ತಿ, ಅಮ್ಮನ ವಯಸ್ಸಿಗೆ ಉಸಿರು ಕಟ್ಟುತ್ತೆ. ಇದು ಹದವಾದ ಎತ್ತರ" ಎಂದರು. ಈ ಆಯ್ಕೆ ತಮ್ಮದೇ ಎಂದು ಅವರು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರು. ನಾನು ಬ್ಯಾಗಿನಿಂದ ಕಾಗದ ತೆಗೆದು ಮುಂದಿಟ್ಟೆ.

"ಸರೋಜನ್ನೂ ಒಂದ್ಮಾತು ಕೇಳ್ಬೇಕಲ್ಲ" ಎಂದರು ಮೇಷ್ಟ್ರು. "ಎಲ್ಲಿ ಅವಳು? ಊಟಕ್ಕೂ ಬಂದಿಲ್ವಲ್ಲ!"

ಎಲ್ಲರೂ ಹುಡುಕಿದೆವು. ಕೋಣೆಯಲ್ಲಿಲ್ಲ, ಅಡುಗೆಮನೆಯಲ್ಲಂತೂ ಇಲ್ಲ. ಕೊನೆಗೆ ಮೇಷ್ಟ್ರೂ ನಾನೂ ರಸ್ತೆ ಇಳಿದು ಕೆರೆಯ ದಡಕ್ಕೆ ಬಂದೆವು. ನೀರಿನ ನಡುವೆ ಕಾಲಿನಿಂದ ತುಳಿಯುವ ಒಂದು ದೋಣಿ ಗಿರಗಿರನೆ ತಿರುಗುತ್ತಿತ್ತು. ಅದನ್ನು ನೆಟ್ಟಗೆ ನಡೆಸಲು ಒಂದು ಹಿಡಿಕೆ ಇರುತ್ತದೆ ಎಂದು ಒಳಗಿದ್ದವರಿಗೆ ಗೊತ್ತಿದ್ದಂತಿರಲಿಲ್ಲ, ಗೊತ್ತಾಗಬೇಕೆಂಬ ಆತುರವೂ ಇರಲಿಲ್ಲ. ಸೀರೆಯ ನೆರಿಗೆ ಮೊಣಕಾಲಿಗೆ ಸಿಕ್ಕಿಸಿಕೊಂಡು, ಕಿತ್ತಳೆ ಬಣ್ಣದ ರಕ್ಷಾಕವಚದೊಳಗೆ ಅರ್ಧ ಮುಳುಗಿ, ಸರೋಜಮ್ಮ ಒಬ್ಬರೇ ತುಳಿಯುತ್ತಿದ್ದರು. ದಡದಲ್ಲಿದ್ದ ದೋಣಿಯವನು ಕೈ ಬೀಸಿ ಬೀಸಿ ಸೋತು ಬೀಡಿ ಹಚ್ಚಿದ್ದ.

"ಸರೋಜಾ!" ಮೇಷ್ಟ್ರು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು. "ಬಾರೇ! ಅಮ್ಮ ಬಡಿಸಿಕೊಂಡು ಕಾಯ್ತಿದಾರೆ! ಊಟ ಆರಿಹೋಗತ್ತೆ!"

ದೋಣಿ ಇನ್ನೊಂದು ಸುತ್ತು ಬಂತು. ಆಕೆಯ ಮುಖ ನಮ್ಮ ಕಡೆಗೆ ತಿರುಗಿದಾಗ ನೀರಿನ ಮೇಲಿಂದ ದನಿ ಸ್ಪಷ್ಟವಾಗಿ ಕೇಳಿಸಿತು.

"ನೀವು ಊಟ ಮಾಡ್ಬಿಡೀ ರೀ! ನಂದು ಇನ್ನೂ ಹೊತ್ತಾಗುತ್ತೆ!"